ನಕ್ಷೆಯಲ್ಲಿಲ್ಲದ ನಾಡಿಗೂ ಇಲ್ಲೊಂದು ಬಾವುಟ

ಅಮೆರಿಕದ ಒರೆಗಾನ್ ರಾಜ್ಯದ ಪೋರ್ಟ್‌ಲೆಂಡಿನಲ್ಲಿ ಸ್ವಲ್ಪ ಹೊತ್ತು ಓಡಾಡಿದರೆ ಸಾಕು, ಒಂದು ಬಾವುಟ ಕಣ್ಣಿಗೆ ಬೀಳುತ್ತದೆ. ಮೇಲೆ ನೀಲಿ, ನಡುವೆ ಬಿಳಿ, ಕೆಳಗೆ ಹಸಿರು, ಮೂರೂ ಪಟ್ಟಿಗಳ ಮೇಲೆ ನೆಟ್ಟಗೆ ನಿಂತ ಒಂದು ಮರ. ಮನೆಗಳ ಮುಂದೆ ತೂಗುಹಾಕಿರುತ್ತಾರೆ, ಕಾರಿನ ಹಿಂದೆ ಅಂಟಿಸಿರುತ್ತಾರೆ, ಟೀ ಶರ್ಟಿನ ಮೇಲೂ ಇರುತ್ತದೆ. ಊರಿಂದ ಬಂದವರು ನೋಡಿ "ಇದು ಒರೆಗಾನ್ ರಾಜ್ಯದ ಬಾವುಟ ಅಲ್ವಾ?" ಅಂತ ಕೇಳುತ್ತಾರೆ. ಅಲ್ಲ. ಇದು ಯಾವ ದೇಶದ್ದೂ ಅಲ್ಲ, ಯಾವ ರಾಜ್ಯದ್ದೂ ಅಲ್ಲ. ಕ್ಯಾಸ್ಕೇಡಿಯಾ ಅನ್ನೋ ನಾಡಿನ ಬಾವುಟ, ಆದರೆ ಆ ನಾಡು ಯಾವ ಸರ್ಕಾರದ ನಕ್ಷೆಯಲ್ಲೂ ಇಲ್ಲ.

ಅಮೆರಿಕದ ಒರೆಗಾನ್, ವಾಷಿಂಗ್ಟನ್ ರಾಜ್ಯಗಳು, ಗಡಿಯಾಚೆ ಕೆನಡಾದ ಬ್ರಿಟಿಷ್ ಕೊಲಂಬಿಯಾ, ಇವು ಸೇರಿ ಒಂದೇ ನಾಡು ಅಂತ ಇಲ್ಲಿ ಬಹಳ ಜನ ನಂಬುತ್ತಾರೆ. ಒಂದೇ ಬೆಟ್ಟಸಾಲು, ಒಂದೇ ಸಮುದ್ರ, ಒಂದೇ ತರದ ಮಳೆ, ಒಂದೇ ಕಾಡು. ನಡುವೆ ಎಳೆದ ಗಡಿ ಮಾತ್ರ ಮನುಷ್ಯರದ್ದು. ಕೆಲವರು ಬೇರೆ ದೇಶವೇ ಆಗಬೇಕು ಅನ್ನುತ್ತಾರೆ, ಆದರೆ ಬಾವುಟ ಹಾರಿಸುವ ಹೆಚ್ಚಿನವರಿಗೆ ಅಷ್ಟೆಲ್ಲ ಬೇಕಿಲ್ಲ, ಈ ನೆಲದ ಮೇಲಿನ ಪ್ರೀತಿ ತೋರಿಸಲು ಒಂದು ಗುರುತು ಇದ್ದರೆ ಸಾಕು. ನೀಲಿ ಅಂದರೆ ಆಕಾಶ, ಪೆಸಿಫಿಕ್ ಸಾಗರ ಮತ್ತು ಒಳನಾಡಿನ ನೀರು. ಬಿಳಿ ಅಂದರೆ ಹಿಮ, ಮೋಡ. ಹಸಿರು ಅಂದರೆ ವರ್ಷವಿಡೀ ಎಲೆ ಉದುರಿಸದ ಕಾಡು. ಮರ ಡಗ್ಲಸ್ ಫರ್, ಅದಕ್ಕೇ ಜನ ಈ ಬಾವುಟವನ್ನು ಸಲಿಗೆಯಿಂದ 'ಡಗ್' ಅಂತಲೇ ಕರೆಯುತ್ತಾರೆ.

ಇದನ್ನು ರೂಪಿಸಿದವರು ಅಲೆಕ್ಸಾಂಡರ್ ಬಾರೆಟಿಚ್. 1994-95ರಲ್ಲಿ ಓದುವುದಕ್ಕೆಂದು ಪೂರ್ವ ಯೂರೋಪಿಗೆ ಹೋಗಿದ್ದಾಗ ತಮ್ಮ ಕಡೆಯ ಕಾಡು ವಿಪರೀತ ನೆನಪಾಗಿ ಈ ಚಿತ್ರ ಹುಟ್ಟಿತಂತೆ. ಈ ವಿಷಯ ತಿಳಿದ ಮೇಲೆ ನನಗೆ ಆ ಬಾವುಟದ ಮೇಲೆ ಇನ್ನೂ ಅಕ್ಕರೆ ಬಂತು. ದೂರ ಹೋದವರಿಗೆ ಊರು ಹೀಗೇ ಕಾಣುವುದು. ಮನೆ ನಂಬರು, ರಸ್ತೆ ತಿರುವು ಎಲ್ಲ ಹಿಂದೆ ಸರಿದು ಎರಡು ಮೂರು ಬಣ್ಣ ಮತ್ತು ಒಂದು ಆಕಾರ ಉಳಿಯುತ್ತದೆ. ಬಾವುಟ ಮಾಡುವವರಿಗೆ ಬೇಕಾದದ್ದೂ ಅಷ್ಟೇ.

ಇನ್ನೊಂದು ಕಾರಣಕ್ಕೂ ನನಗೆ ಡಗ್ ಇಷ್ಟ, ನಿಜ ಹೇಳಬೇಕೆಂದರೆ ಈ ಬರಹ ಬರೆಯುತ್ತಿರುವುದೇ ಅದಕ್ಕೆ. ಆ ಬಾವುಟದಲ್ಲಿ ಮನುಷ್ಯರಿಲ್ಲ. ರಾಜವಂಶವಿಲ್ಲ, ಗೆದ್ದ ಯುದ್ಧವಿಲ್ಲ, ಯಾವ ಜನಾಂಗದ ಗುರುತೂ ಇಲ್ಲ. 'ನೀನು ಯಾರು' ಅಂತ ಅದು ಕೇಳುವುದಿಲ್ಲ, 'ಇಲ್ಲಿ ಏನಿದೆ ನೋಡು' ಅನ್ನುತ್ತದೆ. ಹೊರಗಿನಿಂದ ಬಂದು ನೆಲೆಸಿದ ನನ್ನಂಥವರಿಗೆ ಈ ವ್ಯತ್ಯಾಸ ತುಂಬ ದೊಡ್ಡದು. ಆ ಮಳೆಯಲ್ಲಿ ನಾನೂ ನೆನೆಯುತ್ತೇನೆ, ಆ ಮರಗಳ ಕೆಳಗೆ ನನ್ನ ಮಕ್ಕಳೂ ಆಡುತ್ತಾರೆ, ಹಾಗಾಗಿ ಆ ಬಾವುಟ ನಮ್ಮದೂ ಹೌದು. ಯಾರ ಅಪ್ಪಣೆಯೂ ಬೇಕಿಲ್ಲ.

ಫುಟ್‌ಬಾಲ್ ಪಂದ್ಯದ ದಿನ ಇದು ಚೆನ್ನಾಗಿ ಕಾಣುತ್ತದೆ. ಪೋರ್ಟ್‌ಲೆಂಡ್, ಸಿಯಾಟಲ್, ವ್ಯಾಂಕೂವರ್ ತಂಡಗಳ ಅಭಿಮಾನಿಗಳಿಗೆ ಒಬ್ಬರನ್ನು ಕಂಡರೆ ಒಬ್ಬರಿಗೆ ಆಗುವುದಿಲ್ಲ. ಆದರೂ 2004ರಲ್ಲಿ ಅಭಿಮಾನಿಗಳೇ ಸೇರಿ ಮೂರೂ ತಂಡಗಳ ನಡುವೆ ಕ್ಯಾಸ್ಕೇಡಿಯಾ ಕಪ್ ಶುರು ಮಾಡಿದರು. ಒಬ್ಬರ ಮೇಲೊಬ್ಬರು ಕೂಗಾಡುತ್ತಲೇ ಎರಡೂ ಕಡೆಯವರು ಅದೇ ಮರದ ಬಾವುಟ ಬೀಸುತ್ತಾರೆ.

ಈಗ ಒರೆಗಾನಿನ ಅಧಿಕೃತ ಬಾವುಟಕ್ಕೆ ಬರೋಣ. 1925ರಲ್ಲಿ ಒಪ್ಪಿದ್ದು. ಕಡುನೀಲಿ ಬಟ್ಟೆ, ಅದರ ಮೇಲೆ ಚಿನ್ನದ ಬಣ್ಣದಲ್ಲಿ ರಾಜ್ಯದ ಮುದ್ರೆಯ ಗುರಾಣಿ, ಮೇಲೆ 'ಸ್ಟೇಟ್ ಆಫ್ ಒರೆಗಾನ್' ಅನ್ನುವ ಅಕ್ಷರ, ಕೆಳಗೆ ರಾಜ್ಯವಾದ ವರ್ಷ 1859. ಗುರಾಣಿಯೊಳಗೆ ಏನೇನಿದೆ ಗೊತ್ತಾ? ಬೆಟ್ಟ, ಕಾಡು, ಎತ್ತಿನ ಬಂಡಿ, ಮುಳುಗುವ ಸೂರ್ಯ, ನೇಗಿಲು, ತೆನೆಯ ಕಟ್ಟು, ಗುದ್ದಲಿ, ಸುತ್ತ 33 ನಕ್ಷತ್ರ, ಯಾಕೆಂದರೆ ಒರೆಗಾನ್ ಅಮೆರಿಕ ಒಕ್ಕೂಟದ 33ನೇ ರಾಜ್ಯ. ಸಮುದ್ರದಲ್ಲಿ ಎರಡು ಹಡಗುಗಳೂ ಇವೆ, ಒಂದು ಹೊರಟುಹೋಗುತ್ತಿರುವ ಬ್ರಿಟಿಷ್ ಯುದ್ಧನೌಕೆ, ಇನ್ನೊಂದು ಬರುತ್ತಿರುವ ಅಮೆರಿಕನ್ ವ್ಯಾಪಾರಿ ಹಡಗು. ಒಂದು ನಾಡು ಕೈ ಬದಲಾದ ಕಥೆಯೇ ಅಲ್ಲಿದೆ. ಆದರೆ ಕಂಬದ ಮೇಲೆ ಹಾರುವಾಗ ಇದ್ಯಾವುದೂ ಕಾಣುವುದಿಲ್ಲ, ನೀಲಿಯ ಮೇಲೆ ಹಳದಿ ಮಚ್ಚೆ ಕಾಣುತ್ತದೆ ಅಷ್ಟೆ.

ಒರೆಗಾನ್ ಒಂದೇ ಅಲ್ಲ, ಅಮೆರಿಕದ ಎಷ್ಟೋ ರಾಜ್ಯಗಳ ಬಾವುಟ ಹೀಗೇ ನೀಲಿ ಬಟ್ಟೆ, ನಡುವೆ ಮುದ್ರೆ. ಇದಕ್ಕೆ ಕಾರಣವಿದೆ. ಹಿಂದೆ ಇಲ್ಲಿನ ಸೈನ್ಯದ ತುಕಡಿಗಳು ನೀಲಿ ಬಟ್ಟೆಯ ಮೇಲೆ ಲಾಂಛನ ಬರೆದ ಬಾವುಟ ಹಿಡಿಯುತ್ತಿದ್ದವು, ಮುಂದೆ ಬಹಳ ರಾಜ್ಯಗಳು ಆ ಮಾದರಿಯನ್ನೇ ಎತ್ತಿಕೊಂಡವು. ಮುದ್ರೆ ಇರುವುದು ಕಾಗದದ ಮೇಲೆ ಒತ್ತಲಿಕ್ಕೆ, ಕೈಯಲ್ಲಿ ಹಿಡಿದು ಓದಲಿಕ್ಕೆ. ಬಾವುಟ ಇರುವುದು ದೂರದಿಂದ, ಗಾಳಿಯಲ್ಲಿ ಮಡಚಿಕೊಂಡಿದ್ದಾಗಲೂ ಗುರುತು ಸಿಗಲಿಕ್ಕೆ. ಇಲ್ಲಿ 'ನಾವಾ' ಅಂತ ಬಾವುಟಪ್ರಿಯರ ಸಂಘವೊಂದಿದೆ, ಅವರು ಹೇಳುವುದೂ ಇದನ್ನೇ. ಮಗು ನೆನಪಿನಿಂದ ಬರೆಯುವಷ್ಟು ಸರಳವಾಗಿರಲಿ, ಬಣ್ಣ ಎರಡು ಮೂರು ಸಾಕು, ಅಕ್ಷರ ಮತ್ತು ಮುದ್ರೆ ಬೇಡ, ಚಿತ್ರಕ್ಕೆ ಅರ್ಥವಿರಲಿ, ಬೇರೆಯವರದ್ದರಂತೆ ಕಾಣದಿರಲಿ.

ಪೋರ್ಟ್‌ಲೆಂಡ್ ನಗರದ ಬಾವುಟ ಈ ಪಾಠ ಕಲಿಯಲು 33 ವರ್ಷ ತೆಗೆದುಕೊಂಡಿತು. ಡಗ್ಲಸ್ ಲಿಂಚ್ ಅನ್ನುವ ಕಲಾವಿದರು ಬರೆದ ಚಿತ್ರವನ್ನು 1969ರಲ್ಲಿ ನಗರ ಒಪ್ಪಿತು, ಒಪ್ಪುವಾಗ ಮೂಲೆಯಲ್ಲಿ ನಗರದ ಮುದ್ರೆಯನ್ನೂ ತುರುಕಿತು. ಲಿಂಚ್ ಅವರಿಗೆ ಅದು ಕೊನೆಯವರೆಗೂ ಸರಿ ಅನ್ನಿಸಲಿಲ್ಲ. 2002ರಲ್ಲಿ, ಅವರು ಬದುಕಿದ್ದಾಗಲೇ, ಮುದ್ರೆ ತೆಗೆದರು. ಈಗ ಹಸಿರು ನೆಲ, ಅದರ ಮೇಲೆ ವಿಲಾಮೆಟ್ ಮತ್ತು ಕೊಲಂಬಿಯಾ ನದಿಗಳ ನೀಲಿ ಪಟ್ಟಿಗಳು, ಪಕ್ಕದಲ್ಲಿ ಹಳದಿ ಗೆರೆ, ಪಟ್ಟಿಗಳು ಸೇರುವಲ್ಲಿ ನಾಲ್ಕು ಮೂಲೆಯ ಬಿಳಿ ನಕ್ಷತ್ರ. ಎರಡು ನದಿ ಕೂಡುವ ಜಾಗದಲ್ಲಿರುವ ಊರು ಅಂತ ಯಾರೂ ವಿವರಿಸಬೇಕಾಗಿಲ್ಲ, ನೋಡಿದರೆ ಗೊತ್ತಾಗುತ್ತದೆ. ಮುದ್ರೆ ಹೋದ ಮೇಲೆ ಆ ನಕ್ಷತ್ರಕ್ಕೆ ಉಸಿರಾಡಲು ಜಾಗ ಸಿಕ್ಕಿತು.

ನಾನು ಅತಿ ಹೆಚ್ಚು ಮೆಚ್ಚುವುದು ಮಾತ್ರ ಅಲಾಸ್ಕದ್ದು. 1927ರಲ್ಲಿ, ಅಲಾಸ್ಕ ಇನ್ನೂ ರಾಜ್ಯವಾಗಿರದಿದ್ದಾಗ, ಶಾಲಾಮಕ್ಕಳಿಗೆ ಬಾವುಟ ಬರೆಯುವ ಸ್ಪರ್ಧೆ ಇಟ್ಟರು. ಗೆದ್ದವನು ಬೆನ್ನಿ ಬೆನ್ಸನ್, ಅಲ್ಲಿನ ಮೂಲನಿವಾಸಿ ತಾಯಿಯ ಮಗ, ಅನಾಥಾಲಯದಲ್ಲಿ ಬೆಳೆಯುತ್ತಿದ್ದ ಹುಡುಗ. ಕಡುನೀಲಿ ಆಕಾಶ, ಅದರಲ್ಲಿ ಎಂಟು ಹಳದಿ ನಕ್ಷತ್ರ. ಏಳು ನಮ್ಮ ಸಪ್ತರ್ಷಿ ಮಂಡಲದ್ದು, ಎಂಟನೆಯದು ಧ್ರುವ ನಕ್ಷತ್ರ. ನೀಲಿ ಅಲ್ಲಿ ಬೆಳೆಯುವ ಪುಟ್ಟ ಕಾಡುಹೂವಿನ ಬಣ್ಣವೂ ಹೌದು. ಪೋರ್ಟ್‌ಲೆಂಡಿನ ಆಕಾಶ ಮೋಡ ಬಿಟ್ಟ ರಾತ್ರಿ ನಾನು ಮಕ್ಕಳಿಗೆ ಸಪ್ತರ್ಷಿಗಳನ್ನು ತೋರಿಸುವಾಗ ಬೆನ್ನಿಯ ಕಥೆಯನ್ನೂ ಹೇಳುತ್ತೇನೆ. ಯಾರ ಮನೆಯಂಗಳದಿಂದ ನೋಡಿದರೂ ಅವೇ ನಕ್ಷತ್ರ. ಒಬ್ಬ ಹುಡುಗ ಅದನ್ನು ತನ್ನ ನಾಡಿನ ಗುರುತು ಮಾಡಿದ, ಆದರೂ ಯಾರನ್ನೂ ಹೊರಗಿಡಲಿಲ್ಲ.

ಹೊರಗಿಡುವ ಬಾವುಟಗಳೂ ಇದ್ದವು. ಮಿಸಿಸಿಪ್ಪಿ ರಾಜ್ಯದ 1894ರ ಬಾವುಟದ ಮೂಲೆಯಲ್ಲಿ, ಗುಲಾಮಗಿರಿ ಉಳಿಸಿಕೊಳ್ಳಲು ಯುದ್ಧಕ್ಕಿಳಿದ ದಕ್ಷಿಣದ ಒಕ್ಕೂಟದ ಚಿಹ್ನೆ ಇತ್ತು. ಗುಲಾಮರಾಗಿದ್ದವರ ಮೊಮ್ಮಕ್ಕಳು ಅದೇ ಬಾವುಟದ ಕೆಳಗೆ ಶಾಲೆಗೆ ಹೋಗಬೇಕಿತ್ತು. 2020ರಲ್ಲಿ ಅದನ್ನು ಇಳಿಸಿ, ಜನರ ಮತ ಕೇಳಿ, ಮ್ಯಾಗ್ನೋಲಿಯಾ ಹೂವಿನ ಬಾವುಟ ತಂದರು. ಮಿನ್ನೆಸೋಟದ ಹಳೆಯದರಲ್ಲಿ ನೀಲಿಯ ಮೇಲಿನ ಮುದ್ರೆಯೊಳಗೆ ಬಿಳಿ ರೈತ ಹೊಲ ಉಳುತ್ತಿದ್ದ, ಕುದುರೆಯ ಮೇಲೆ ಒಬ್ಬ ಮೂಲನಿವಾಸಿ ಇದ್ದ, ಅವನ ನೆಲವನ್ನೇ ಇವನು ಉಳುತ್ತಿದ್ದಾನೆ ಅನ್ನುವುದು ನೋಡಿದವರಿಗೆಲ್ಲ ಅರ್ಥವಾಗುತ್ತಿತ್ತು. ಹೊಸ ಬಾವುಟಕ್ಕೆ ಎರಡು ಸಾವಿರಕ್ಕೂ ಹೆಚ್ಚು ಚಿತ್ರಗಳು ಬಂದವು. 2024ರ ಮೇ 11ರಿಂದ ಅಲ್ಲಿ ಹಾರುತ್ತಿರುವುದು ಎರಡು ನೀಲಿ ಮತ್ತು ಎಂಟು ಮೂಲೆಯ ಒಂದು ಬಿಳಿ ನಕ್ಷತ್ರ. ಎರಡೂ ಕಡೆ ಮನುಷ್ಯರ ಜಗಳ ಹೋಗಿ ಹೂವು, ನಕ್ಷತ್ರ ಬಂದವು ನೋಡಿ.

ಹಾಗಂತ ಹೂವು, ಸೂರ್ಯ ಬರೆದ ಮಾತ್ರಕ್ಕೆ ಎಲ್ಲ ಸರಿಹೋಗುವುದಿಲ್ಲ. ನ್ಯೂ ಮೆಕ್ಸಿಕೋದ್ದು ಹಳದಿಯ ಮೇಲೆ ಕೆಂಪು ಸೂರ್ಯ, ನಾಲ್ಕು ದಿಕ್ಕಿಗೂ ನಾಲ್ಕು ನಾಲ್ಕು ಕಿರಣ. ನಾವಾದ 2001ರ ಸಮೀಕ್ಷೆಯಲ್ಲಿ ಇದಕ್ಕೇ ಮೊದಲ ಸ್ಥಾನ. ಆದರೆ ಆ ಸೂರ್ಯ ಜಿಯಾ ಅನ್ನುವ ಮೂಲನಿವಾಸಿಗಳ ಪವಿತ್ರ ಚಿಹ್ನೆ. ನಾಲ್ಕು ದಿಕ್ಕು, ನಾಲ್ಕು ಋತು, ದಿನದ ನಾಲ್ಕು ಹೊತ್ತು, ಬಾಳಿನ ನಾಲ್ಕು ಘಟ್ಟ ಅವರಿಗೆ ಅದರಲ್ಲಿವೆ. ಅವರ ಒಂದು ಮಡಕೆಯ ಮೇಲಿದ್ದ ಚಿತ್ರದಿಂದ ಬಾವುಟ ಮಾಡಿ 1925ರಲ್ಲಿ ರಾಜ್ಯ ಒಪ್ಪಿಕೊಂಡಿತು, ಅವರನ್ನು ಒಂದು ಮಾತು ಕೇಳಲಿಲ್ಲ. ಈ ನೋವನ್ನು ಜಿಯಾ ಜನ ಹಲವು ಸಲ ಹೇಳಿದ್ದಾರೆ. ಬಾವುಟ ಎಷ್ಟೇ ಚಂದ ಇರಲಿ, ಕೇಳದೆ ತೆಗೆದುಕೊಂಡದ್ದು ಕೇಳದೆ ತೆಗೆದುಕೊಂಡದ್ದೇ.

ಮೇರಿಲ್ಯಾಂಡ್ ಇನ್ನೊಂದು ತರ. ಎರಡು ಮನೆತನಗಳ ಲಾಂಛನ ಸೇರಿಸಿದ, ಕಪ್ಪು, ಬಂಗಾರ, ಕೆಂಪು, ಬಿಳಿ ತುಂಬಿದ ಬಾವುಟ, ಸರಳತೆಯ ಮಾತೇ ಇಲ್ಲ. ಅಂತರ್ಯುದ್ಧದ ಕಾಲದಲ್ಲಿ ಆ ರಾಜ್ಯ ಒಡೆದಿತ್ತು. ಅಮೆರಿಕ ಒಕ್ಕೂಟದ ಪರ ಇದ್ದವರ ಬಣ್ಣ ಕಪ್ಪು-ಬಂಗಾರ, ದಕ್ಷಿಣದ ಪರ ಇದ್ದವರದ್ದು ಕೆಂಪು-ಬಿಳಿ. ಯುದ್ಧ ಮುಗಿದ ಮೇಲೆ ಎರಡೂ ಒಂದೇ ಬಟ್ಟೆಯಲ್ಲಿ ಸೇರಿದವು, 1904ರಲ್ಲಿ ಅದೇ ಅಧಿಕೃತವಾಯಿತು. ಮೇರಿಲ್ಯಾಂಡಿನವರು ಅದನ್ನು ಅಂಗಿಯಿಂದ ಕಾಲುಚೀಲದವರೆಗೆ ಎಲ್ಲದರ ಮೇಲೂ ಹಾಕಿಕೊಳ್ಳುತ್ತಾರೆ. ಜನ ಅಷ್ಟು ಪ್ರೀತಿಸುವಾಗ ನಿಯಮ ಹಿಡಿದುಕೊಂಡು ಏನು ಮಾಡೋಣ?

ಒರೆಗಾನಿನ ದಕ್ಷಿಣಕ್ಕೆ ಹೋದರೆ ಮತ್ತೊಂದು ಇಲ್ಲದ ರಾಜ್ಯ ಸಿಗುತ್ತದೆ, ಜೆಫರ್ಸನ್. ದಕ್ಷಿಣ ಒರೆಗಾನ್ ಮತ್ತು ಉತ್ತರ ಕ್ಯಾಲಿಫೋರ್ನಿಯಾದ ಜನ 1941ರಲ್ಲಿ, ನಮಗೆ ಸರಿಯಾದ ರಸ್ತೆಯೂ ಇಲ್ಲ, ಎರಡೂ ರಾಜಧಾನಿಗಳು ನಮ್ಮನ್ನು ಮರೆತಿವೆ ಅಂತ ಸಿಟ್ಟಾಗಿ ಹೊಸ ರಾಜ್ಯ ಕೇಳಿದರು. ಚಿನ್ನ ಜಾಲಿಸುವ ತಟ್ಟೆ, ಅದರಲ್ಲಿ ಎರಡು 'ಎಕ್ಸ್' ಗುರುತು, ಅದೇ ಅವರ ಚಿಹ್ನೆ. ಮೋಸಕ್ಕೆ ಇಂಗ್ಲಿಷಿನಲ್ಲಿ 'ಡಬಲ್ ಕ್ರಾಸ್' ಅನ್ನುತ್ತಾರಲ್ಲ, ಎರಡು ರಾಜಧಾನಿಗಳಿಂದ ಎರಡು ಸಲ ಮೋಸಹೋದೆವು ಅಂತ ಅರ್ಥ. ಡಿಸೆಂಬರಿನಲ್ಲಿ ಪರ್ಲ್ ಹಾರ್ಬರ್ ಮೇಲೆ ದಾಳಿಯಾಗಿ ಚಳವಳಿ ನಿಂತಿತು, ಚಿಹ್ನೆ ನಿಲ್ಲಲಿಲ್ಲ. ಇವತ್ತಿಗೂ ಆ ಕಡೆ ಅದು ಬಾವುಟದ ಮೇಲೆ ಹಾರುತ್ತದೆ. ಡಗ್ ಪ್ರೀತಿಯಿಂದ ಹುಟ್ಟಿದ್ದು, ಇದು ಅಸಮಾಧಾನದಿಂದ ಹುಟ್ಟಿದ್ದು. ನನಗೆ ಮೊದಲನೆಯದೇ ಇಷ್ಟ, ಆದರೆ ಇವರ ದುಃಖವೂ ಸುಳ್ಳಲ್ಲ.

ಮಂಗಳ ಗ್ರಹಕ್ಕೂ ಒಂದಿದೆ! ಕೆಂಪು, ಹಸಿರು, ನೀಲಿ ಮೂರು ಪಟ್ಟಿ. ಈಗಿನ ಕೆಂಪು ಮಂಗಳ, ಮುಂದೆ ಗಿಡ ಚಿಗುರಿದ ಮಂಗಳ, ಕೊನೆಗೆ ನೀರು ತುಂಬಿದ ಮಂಗಳ. ವಿಜ್ಞಾನಿ ಪಾಸ್ಕಲ್ ಲೀ ರೂಪಿಸಿದ ಇದು 1999ರಲ್ಲಿ ಡಿಸ್ಕವರಿ ನೌಕೆಯಲ್ಲಿ ಬಾಹ್ಯಾಕಾಶಕ್ಕೂ ಹೋಗಿಬಂತು. ಯಾರೂ ಕಾಲಿಡದ ನೆಲಕ್ಕೂ ಮೊದಲು ಬಾವುಟ ಕಟ್ಟುವ ಆಸೆ ನಮ್ಮದು.

ಇಲ್ಲಿನ ಕನ್ನಡ ಸಂಘದ ರಾಜ್ಯೋತ್ಸವದಲ್ಲಿ ಹಳದಿ-ಕೆಂಪು ಬಾವುಟ ಎತ್ತುವಾಗ ಇದೆಲ್ಲ ತಲೆಗೆ ಬರುತ್ತದೆ. ಮ. ರಾಮಮೂರ್ತಿಯವರು 1960ರ ದಶಕದಲ್ಲಿ ಕೊಟ್ಟ ಆ ಅರಿಶಿನ-ಕುಂಕುಮದ ಬಾವುಟಕ್ಕೂ ಕಾನೂನಿನ ಬಲವಿರಲಿಲ್ಲ, ಜನರೇ ಎತ್ತಿ ಹಿಡಿದು ಉಳಿಸಿದರು. 2018ರಲ್ಲಿ ರಾಜ್ಯ ಸರ್ಕಾರ ನಡುವೆ ಬಿಳಿ ಪಟ್ಟಿ, ಅದರಲ್ಲಿ ಗಂಡಭೇರುಂಡದ ಲಾಂಛನ ಇಟ್ಟು ಹೊಸದೊಂದನ್ನು ಮುಂದಿಟ್ಟಿತು. ಗಂಡಭೇರುಂಡದ ಮೇಲೆ ನನಗೂ ಅಭಿಮಾನವಿದೆ. ಆದರೂ ಎರಡೇ ಬಣ್ಣದ್ದೇ ನನ್ನ ಆಯ್ಕೆ, ಅದನ್ನು ಮೂರು ವರ್ಷದ ಮಗುವೂ ಕ್ರೇಯಾನ್ ಹಿಡಿದು ಬರೆಯುತ್ತದೆ.

ಒರೆಗಾನಿಗೆ ಹೊಸ ಬಾವುಟ ಬೇಕು ಅನ್ನುವ ಮಾತು ಆಗಾಗ ಏಳುತ್ತದೆ. ನನ್ನನ್ನು ಕೇಳಿದರೆ ಹೊಸದಾಗಿ ಹುಡುಕುವ ಅಗತ್ಯವೇ ಇಲ್ಲ. ಅಮೆರಿಕದ ರಾಜ್ಯಗಳಲ್ಲಿ ಎರಡು ಬದಿಗೆ ಎರಡು ಚಿತ್ರ ಇರುವುದು ಈಗ ಒರೆಗಾನಿನ ಬಾವುಟಕ್ಕೆ ಮಾತ್ರ. ಹಿಂಬದಿಯಲ್ಲಿ ಅಕ್ಷರವಿಲ್ಲ, ವರ್ಷವಿಲ್ಲ, ನೀಲಿಯ ಮೇಲೆ ಚಿನ್ನದ ಬಣ್ಣದ ಒಂದು ಬೀವರ್ ಅಷ್ಟೇ. ಹೊಳೆಗೆ ಕಟ್ಟೆ ಕಟ್ಟಿ ನೀರು ನಿಲ್ಲಿಸುವ ಆ ಪ್ರಾಣಿಯ ತುಪ್ಪಳಕ್ಕಾಗಿಯೇ ಮೊದಮೊದಲು ಬಹಳ ಬಿಳಿಯರು ಈ ಕಡೆ ಬಂದದ್ದು. ಅಮೆರಿಕನ್ನರು ಇತ್ತ ಬರದಿರಲಿ ಅಂತ ಬ್ರಿಟಿಷರ ಹಡ್ಸನ್ ಬೇ ಕಂಪನಿ ಕೆಲವು ನದಿಗಳ ಬೀವರ್‌ಗಳನ್ನು ಬೇಕೆಂದೇ ಬರಿದು ಮಾಡಿತ್ತು. 1849ರಲ್ಲಿ ಒರೆಗಾನ್ ಸಿಟಿಯಲ್ಲಿ ಒತ್ತಿದ ಚಿನ್ನದ ನಾಣ್ಯಗಳ ಮೇಲೂ ಅದೇ ಬೀವರ್. ಮುಂಬದಿಯ ಎರಡು ಹಡಗು ಹೇಳಲು ಹೊರಟ ಕಥೆಯನ್ನು ಈ ಪ್ರಾಣಿಯೊಂದೇ ಹೇಳುತ್ತದೆ, ದೂರದಿಂದಲೂ ಕಾಣುತ್ತದೆ. ಬಾವುಟವನ್ನು ತಿರುಗಿಸಿ, ಬೀವರನ್ನು ಎರಡೂ ಬದಿಗೆ ಹಾಕಿದರೆ ಆಯಿತು.