ಸೂಜಿ ಹಾಕಿದ ಮಾರನೇ ದಿನ

ಕೊಡಗಿನ ಸಿದ್ದಾಪುರದ ಸುತ್ತಲಿನ ಕಾಫಿ ತೋಟಗಳಲ್ಲಿ ಕೂಲಿಯವರು ಇರುವ ಲೈನ್ ಮನೆಗಳು, ಜೊತೆಗೆ ಆದಿವಾಸಿಗಳ ಎರಡು ಹಾಡಿಗಳು. ಇಷ್ಟು ನನ್ನ ಕೆಲಸದ ವ್ಯಾಪ್ತಿ. ನಾನು ಆರೋಗ್ಯ ಉಪಕೇಂದ್ರದ ಸಿಸ್ಟರ್. ಗುರುವಾರ ಬಂತೆಂದರೆ ಹೆಗಲಿಗೆ ಐಸ್ ಬಾಕ್ಸ್, ಕೈಯಲ್ಲಿ ಮಕ್ಕಳ ಪಟ್ಟಿ.

ಕೊರೋನಾಕ್ಕೆ ಮೊದಲೂ ಇಂಜೆಕ್ಷನ್ ಬೇಡ ಎನ್ನುವವರು ಇದ್ದರು. 2017ರಲ್ಲಿ ದಡಾರ-ರುಬೆಲ್ಲಾ ಅಭಿಯಾನ ನಡೆದಾಗ ವಾಟ್ಸಾಪ್‌ನಲ್ಲಿ ಏನೇನೋ ಬಂದವು. ಆದರೆ ಮನೆ ಜಗಲಿಯಲ್ಲಿ ಅರ್ಧ ಗಂಟೆ ಕೂತು ಮಾತಾಡಿದರೆ ಹೆಚ್ಚಿನವರು ಮಗುವನ್ನು ಎತ್ತಿಕೊಂಡು ಬರುತ್ತಿದ್ದರು. ಕೊರೋನಾ ಕಳೆದ ಮೇಲೆ ಆ ಅರ್ಧ ಗಂಟೆ ಸಾಲದಾಯಿತು. ಯಾಕೆ ಅಂತ ನನಗೆ ತಿಳಿದದ್ದು 2023ರ ಆಗಸ್ಟ್‌ನಲ್ಲಿ, ಒಬ್ಬ ಅಜ್ಜಿಯಿಂದ.

ಅದು ಇಂದ್ರಧನುಷ್ ಅಭಿಯಾನದ ಮೊದಲ ಸುತ್ತು. ಬಿಟ್ಟುಹೋದ ಮಕ್ಕಳನ್ನು ಹುಡುಕಿ ಲಸಿಕೆ ಹಾಕಬೇಕಿತ್ತು. ಆ ಮನೆಯಲ್ಲಿ ಒಂದೂವರೆ ವರ್ಷದ ಗಂಡು ಮಗು. ದಡಾರ-ರುಬೆಲ್ಲಾ ಎರಡನೇ ಡೋಸ್, ಗಂಟಲಮಾರಿ-ನಾಯಿಕೆಮ್ಮು-ಧನುರ್ವಾಯುವಿನ ಡಿಪಿಟಿ ಬೂಸ್ಟರ್ ಎರಡೂ ಬಾಕಿ. ಅಪ್ಪ ಅಮ್ಮ ತೋಟಕ್ಕೆ ಹೋಗಿದ್ದರು. ಅಜ್ಜಿ ಬಾಗಿಲಲ್ಲೇ ನಿಂತರು, ಒಳಗೆ ಕರೆಯಲಿಲ್ಲ. ನಾನು ರೂಢಿಯಂತೆ ಶುರು ಮಾಡಿದೆ. ದಡಾರ ಎಷ್ಟು ಬೇಗ ಹರಡುತ್ತದೆ, ರೋಗಿ ಎದ್ದುಹೋದ ಮೇಲೂ ಎರಡು ಗಂಟೆ ಆ ಕೋಣೆಯ ಗಾಳಿಯಲ್ಲಿ ವೈರಸ್ ಇರಬಹುದು, ನೂರರಲ್ಲಿ ತೊಂಬತ್ತೈದು ಮಕ್ಕಳಿಗಾದರೂ ಲಸಿಕೆ ಆಗಿರಬೇಕು, ಹಿಂದಿನ ವರ್ಷವಷ್ಟೇ ಮುಂಬೈನಲ್ಲಿ ಮಕ್ಕಳು ತೀರಿಕೊಂಡರು. ಎಲ್ಲಾ ಹೇಳಿದೆ. ಎಲ್ಲವೂ ನಿಜ. ಅಜ್ಜಿ ಪೂರ್ತಿ ಕೇಳಿದರು. ಆಮೇಲೆ ಅಂದರು:

"ನನಗೆ ಹಾಕಿದ್ದು ನೀವೇ ಅಲ್ವಾ ಸಿಸ್ಟರಮ್ಮ? ಮೂರು ದಿನ ಮೈ ಸುಟ್ಟು ಮಲಗಿದ್ದೆ. ಸತ್ತೆನೋ ಇದ್ದೇನೋ ಅಂತ ನೋಡಲಿಕ್ಕೆ ಬಂದಿದ್ರಾ?"

ಬಂದಿರಲಿಲ್ಲ.

2021ರ ಏಪ್ರಿಲ್. ನಲವತ್ತೈದು ದಾಟಿದವರಿಗೆಲ್ಲ ಕೋವಿಶೀಲ್ಡ್ ಶುರುವಾಗಿತ್ತು. 'ಲಸಿಕಾ ಉತ್ಸವ' ಅಂತ ನಾಲ್ಕು ದಿನ ನಡೆಯಿತು. ಸಂಜೆಯಾದರೆ ಮೇಲಿನಿಂದ ಒಂದೇ ಪ್ರಶ್ನೆ, ಇವತ್ತು ಎಷ್ಟಾಯಿತು. ಒಂದು ತೋಟದ ಲೆಕ್ಕ ನೋಡುವ ರೈಟರ್ ಲೈನಿನವರನ್ನೆಲ್ಲ ಜೀಪಿನಲ್ಲಿ ತುಂಬಿಕೊಂಡು ಬಂದರು. ಇಂಜೆಕ್ಷನ್ ಇಲ್ಲದಿದ್ದರೆ ನಾಳೆಯಿಂದ ಕೆಲಸವಿಲ್ಲ ಅಂತ ಹೇಳಿ ಕರೆತಂದಿದ್ದರು. ನನಗೆ ಅದು ಗೊತ್ತಾಯಿತು, ಆದರೂ ಸುಮ್ಮನಿದ್ದೆ. ಸಂಖ್ಯೆ ಆಗುತ್ತದಲ್ಲ ಅಂದುಕೊಂಡೆ. ಜ್ವರ ಬರಬಹುದು ಅಂತ ಒಂದು ಮಾತು ಹೇಳಿ ಪ್ಯಾರಾಸಿಟಮಾಲ್ ಕೈಗಿಟ್ಟು ಮುಂದಿನವರನ್ನು ಕರೆದೆ. ಆ ಸಾಲಿನಲ್ಲಿ ಈ ಅಜ್ಜಿಯೂ ಇದ್ದರು. ಮೂರು ದಿನದ ಕೂಲಿ ಹೋಯಿತು.

ಅಷ್ಟಕ್ಕೇ ಮುಗಿಯಲಿಲ್ಲ. ಆರು ವಾರ ಬಿಟ್ಟು ಬನ್ನಿ ಅಂತ ಚೀಟಿಯಲ್ಲಿ ಬರೆದುಕೊಟ್ಟಿದ್ದೆ. ಮೇ 13ಕ್ಕೆ ನಿಯಮ ಬದಲಾಯಿತು. ಎರಡು ಡೋಸ್ ನಡುವೆ 12ರಿಂದ 16 ವಾರ ಇರಬೇಕು ಅಂತ ಆದೇಶ ಬಂತು. ಲಾಕ್‌ಡೌನ್, ಬಸ್ಸಿಲ್ಲ. ಅಜ್ಜಿ ಚೀಟಿ ಹಿಡಿದು ನಡೆದೇ ಬಂದಿದ್ದರು. ಈಗ ಇಲ್ಲ, ಜುಲೈಗೆ ಬನ್ನಿ ಅಂತ ವಾಪಸ್ ಕಳಿಸಿದೆವು. ಯಾಕೆ ಅಂತ ಯಾರೂ ಬಿಡಿಸಿ ಹೇಳಲಿಲ್ಲ. ಅಂತರ ಜಾಸ್ತಿಯಾದರೆ ಆ ಲಸಿಕೆಯ ರಕ್ಷಣೆ ಇನ್ನೂ ಚೆನ್ನಾಗಿ ಬರುತ್ತದೆ ಅಂತ ಇಂಗ್ಲೆಂಡಿನಿಂದ ಮಾಹಿತಿ ಬಂದಿತ್ತು. ಹೇಳಲು ಎರಡು ನಿಮಿಷ ಸಾಕಿತ್ತು. ಆ ಎರಡು ನಿಮಿಷ ನಾವು ಕೊಡಲಿಲ್ಲ. ಅಜ್ಜಿಗೆ ಉಳಿದದ್ದು ಒಂದೇ ಅರ್ಥ: ಇವರು ಒಮ್ಮೆ ಒಂದು ಹೇಳ್ತಾರೆ, ಇನ್ನೊಮ್ಮೆ ಇನ್ನೊಂದು.

ಎರಡು ವರ್ಷ ಅದನ್ನು ಮನಸ್ಸಿನಲ್ಲಿ ಇಟ್ಟುಕೊಂಡಿದ್ದವರ ಮುಂದೆ ನಾನು ದಡಾರದ ಪಾಠ ಮಾಡುತ್ತಿದ್ದೆ. ದಡಾರ ಏನು ಅಂತ ಅಜ್ಜಿಗೆ ನನಗಿಂತ ಚೆನ್ನಾಗಿ ಗೊತ್ತು. ಅವರ ಕಾಲದಲ್ಲಿ ಅದು ಮನೆಮನೆಯಲ್ಲಿತ್ತು. ಅವರಿಗೆ ಕಾಯಿಲೆಯ ಬಗ್ಗೆ ಅನುಮಾನ ಇರಲಿಲ್ಲ. ನನ್ನ ಬಗ್ಗೆ ಇತ್ತು.

ಆವತ್ತು ನಾನು ಐಸ್ ಬಾಕ್ಸ್ ತೆರೆಯಲಿಲ್ಲ. ನಾನು ಬರಬೇಕಿತ್ತು, ಬರಲಿಲ್ಲ, ತಪ್ಪಾಯಿತು ಅಂದೆ. ಅಂತರ ಯಾಕೆ ಬದಲಾಯಿತು ಅಂತಲೂ ಹೇಳಿದೆ, ತಡವಾಗಿಯಾದರೂ. ಆಮೇಲೆ ಮಗುವಿನ ವಿಷಯಕ್ಕೆ ಬಂದೆ. ತೊಡೆಗೆ ಹಾಕುವ ಡಿಪಿಟಿಗೆ ಆ ರಾತ್ರಿಯೇ ಜ್ವರ ಬರಬಹುದು, ಕಾಲು ಊದಬಹುದು, ಹಠ ಮಾಡುತ್ತಾನೆ. ತೋಳಿಗೆ ಹಾಕುವ ದಡಾರದ್ದು ಹಾಗಲ್ಲ, ಬಂದರೆ ಒಂದು ವಾರ ಹತ್ತು ದಿನ ಕಳೆದು ಸ್ವಲ್ಪ ಜ್ವರ, ಸಣ್ಣ ಗುಳ್ಳೆ. ಯಾವುದಕ್ಕೆ ಹೆದರಬೇಕಿಲ್ಲ, ಯಾವುದಾದರೆ ಕೂಡಲೇ ಫೋನ್ ಮಾಡಬೇಕು, ಬಿಡಿಸಿ ಹೇಳಿದೆ. "ಹಾಕಿಸಿದರೆ ಮಾರನೇ ದಿನ ಬೆಳಿಗ್ಗೆ ನಾನೇ ಬರ್ತೇನೆ" ಅಂದೆ. ಅಜ್ಜಿ ಹೂಂ ಅನ್ನಲಿಲ್ಲ, ಉಹೂಂ ಅನ್ನಲೂ ಇಲ್ಲ.

ಸೆಪ್ಟೆಂಬರ್‌ನ ಎರಡನೇ ಸುತ್ತು ಬರುವ ಹೊತ್ತಿಗೆ ಕೇರಳದ ಕೋಯಿಕ್ಕೋಡ್‌ನಲ್ಲಿ ಬಾವಲಿಯಿಂದ ಬರುವ ನಿಫಾ ಜ್ವರ ಕಾಣಿಸಿಕೊಂಡಿತ್ತು. ನಮಗೆ ಮಾಕುಟ್ಟ, ಕುಟ್ಟ, ಕರಿಕೆ ಗಡಿಗಳಿಂದಾಚೆ ಕೇರಳವೇ. ಲೈನಿನಲ್ಲಿ ಭಯವೋ ಭಯ. ಪೇರಳೆ ಹಣ್ಣು ತಿನ್ನಬಹುದಾ, ಬಾವಲಿ ಕಚ್ಚಿದ್ದು ಹೇಗೆ ಗೊತ್ತಾಗುತ್ತೆ ಅಂತ ಸುತ್ತುವರಿದು ಕೇಳಿದರು. ಒಂದು ತಿಂಗಳ ಹಿಂದೆ ಮಗಳಿಗೆ ಪೋಲಿಯೋ ಹನಿಯೂ ಬೇಡ ಅಂದಿದ್ದ ಅಪ್ಪ, "ಇದಕ್ಕೆ ಇಂಜೆಕ್ಷನ್ ಬಂದಿಲ್ವಾ ಸಿಸ್ಟರ್?" ಅಂತ ಕೇಳಿದ. ಇಲ್ಲ, ನಿಫಾಕ್ಕೆ ಲಸಿಕೆ ಇಲ್ಲ ಅಂದೆ. ಜನ ಲಸಿಕೆಯನ್ನೇ ದ್ವೇಷಿಸುತ್ತಾರೆ ಅಂತ ನಮ್ಮ ಮೀಟಿಂಗ್‌ಗಳಲ್ಲಿ ಮಾತಾಡುತ್ತಾರೆ. ಆ ಅಪ್ಪನ ಪ್ರಶ್ನೆ ಕೇಳಿದ ಮೇಲೆ ನಾನು ಅದನ್ನು ಒಪ್ಪುವುದಿಲ್ಲ.

ಆ ಗುರುವಾರ ಅಜ್ಜಿ ಮೊಮ್ಮಗನನ್ನು ಕರೆತಂದರು. ಶುಕ್ರವಾರ ಬೆಳಿಗ್ಗೆ ಎಂಟಕ್ಕೆ ನಾನು ಹೋದೆ. ಮಗುವಿಗೆ ಜ್ವರ ಇತ್ತು, ತೊಡೆಯಲ್ಲಿ ಗಂಟು. ಅಜ್ಜಿ ಗಾಬರಿಯಾಗಿರಲಿಲ್ಲ. "ನೀವು ಹೇಳಿದ ಹಾಗೇ ಆಯ್ತು" ಅಂದರು. ಅದೇ ಜ್ವರ, ಮೊದಲೇ ಹೇಳಿದ್ದಕ್ಕೆ ನನ್ನ ಮಾತಿಗೆ ಸಾಕ್ಷಿಯಾಗಿತ್ತು.

2025ರ ಜೂನ್, ಜುಲೈಯಲ್ಲಿ ಮತ್ತೆ ಪರೀಕ್ಷೆ ಬಂತು. ಪಕ್ಕದ ಹಾಸನದಲ್ಲಿ ಚಿಕ್ಕ ವಯಸ್ಸಿನವರ ಹೃದಯಾಘಾತದ ಸುದ್ದಿ. ಕೋವಿಡ್ ಲಸಿಕೆಯೇ ಕಾರಣ ಅಂತ ಮೊಬೈಲ್ ತುಂಬಾ ಮಾತು. ಸುಳ್ಳು ಅಂತ ಒಂದೇ ಮಾತಿನಲ್ಲಿ ತಳ್ಳಿಬಿಡಲು ಈ ಸಲ ನಾನು ಹೋಗಲಿಲ್ಲ. ಕೋವಿಶೀಲ್ಡ್‌ನಿಂದ ತೀರಾ ಅಪರೂಪಕ್ಕೆ ರಕ್ತ ಹೆಪ್ಪುಗಟ್ಟುವ ತೊಂದರೆ ಆಗುತ್ತದೆ, ಆದರೆ ಅದು ಹಾಕಿಸಿಕೊಂಡ ಕೆಲವೇ ವಾರಗಳಲ್ಲಿ ಕಾಣಿಸುವಂಥದ್ದು ಅಂತ ಮೊದಲು ಹೇಳಿದೆ. ಆಮೇಲೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಮಾಡಿದ ಅಧ್ಯಯನದ ವಿಷಯ ಹೇಳಿದೆ. 47 ಆಸ್ಪತ್ರೆಗಳಲ್ಲಿ 18ರಿಂದ 45 ವಯಸ್ಸಿನವರ ಹಠಾತ್ ಸಾವುಗಳನ್ನು ನೋಡಿದ್ದರು. ಲಸಿಕೆಯಿಂದ ಅಪಾಯ ಹೆಚ್ಚಾದದ್ದು ಕಾಣಲಿಲ್ಲ. ಮನೆಯಲ್ಲಿ ಹಿಂದೆ ಯಾರಾದರೂ ಹಠಾತ್ತಾಗಿ ತೀರಿಕೊಂಡಿದ್ದರೆ, ಕೋವಿಡ್‌ನಿಂದ ಆಸ್ಪತ್ರೆ ಸೇರಿದ್ದರೆ, ಅತಿಯಾಗಿ ಕುಡಿದಿದ್ದರೆ ಅಪಾಯ ಜಾಸ್ತಿ ಇತ್ತು. ಜಯದೇವ ಆಸ್ಪತ್ರೆಯ ನಿರ್ದೇಶಕರ ನೇತೃತ್ವದಲ್ಲಿ ರಾಜ್ಯ ಸರ್ಕಾರ ಮಾಡಿದ ಸಮಿತಿಯೂ ಲಸಿಕೆಗೆ ನಂಟು ಕಾಣಲಿಲ್ಲ ಎಂದಿತು. ಕುಡಿತದ ಮಾತು ಬಂದಾಗ ಗಂಡಸರು ತಲೆ ತಗ್ಗಿಸಿದರು, ಹೆಂಗಸರು ಅವರ ಕಡೆ ನೋಡಿದರು. ಆ ವಾರ ಮಕ್ಕಳ ಪಟ್ಟಿಯಲ್ಲಿ ಮೂರು ಹೆಸರು ಮಾತ್ರ ಬಾಕಿ ಉಳಿದವು. ಅದರಲ್ಲಿ ಎರಡು ಮನೆಯವರು ಊರಿಗೆ ಹೋಗಿದ್ದರು.

ಶುಕ್ರವಾರದ ಭೇಟಿ ನಮ್ಮ ಕೆಲಸದ ಯೋಜನೆಯಲ್ಲಿ ಎಲ್ಲೂ ಬರೆದಿಲ್ಲ. ಅದಕ್ಕೆ ಓಡಾಟದ ಖರ್ಚೂ ಸಿಗುವುದಿಲ್ಲ. ನಾನು ಮತ್ತು ಆಶಾ ಅಕ್ಕ ಲೈನುಗಳನ್ನು ಹಂಚಿಕೊಂಡಿದ್ದೇವೆ. ಆನೆ ಓಡಾಡುವ ಕಡೆ ಇಬ್ಬರೂ ಒಟ್ಟಿಗೆ ಹೋಗುತ್ತೇವೆ. ತಾಯಿ ಕಾರ್ಡಿನಲ್ಲಿ ಮುಂದಿನ ತಾರೀಖಿನ ಕೆಳಗೆ ನಾವು ನೋಡಲು ಬರುವ ದಿನವನ್ನೂ ಬರೆಯುತ್ತೇವೆ. ಬರೆದ ದಿನ ಹೋಗಲು ಆಗದಿದ್ದರೆ ಬೆಳಿಗ್ಗೆಯೇ ಫೋನ್ ಮಾಡಿ ಹೇಳುತ್ತೇವೆ.