“ಪೊಲೀಸರಿಗೆ ಹೇಳಿಬಿಡಬಾರದಾ?”

ಮಗುವನ್ನು ಉಳಿಸಿಕೊಳ್ಳಲು ಹೆಣಗುವ ತಾಯಿಯ ಸಸ್ಪೆನ್ಸ್ ಕಥೆ ತೆರೆಗೆ ಬಂದಾಗಲೆಲ್ಲ ನೋಡುಗರ ಬಾಯಲ್ಲಿ ಬರುವ ಮೊದಲ ಪ್ರಶ್ನೆ ಇದು. ಸಿನಿಮಾ ಮುಗಿದ ಮೇಲೆ ಬಂದರೆ ಚಿಂತೆಯಿಲ್ಲ. ನೋಡುತ್ತಿರುವಾಗಲೇ ಬಂತೋ, ಕೆಟ್ಟಿತು. ಅಲ್ಲಿಂದಾಚೆಗೆ ತಾಯಿ ಎಷ್ಟು ಅತ್ತರೂ ನೋಡುವವರಿಗೆ ಕರುಣೆಯ ಬದಲು ಸಿಟ್ಟು ಬರುತ್ತದೆ.

ಹಾಗಾಗಿ ಚಿತ್ರಕಥೆ ತಾಯಿಗಿರುವ ದಾರಿಗಳನ್ನು ಒಂದೊಂದಾಗಿ ನಮ್ಮ ಕಣ್ಣೆದುರೇ ಮುಚ್ಚಬೇಕು. ಮ್ಯಾಕ್ಸ್ ಓಫುಲ್ಸ್ 1949ರಲ್ಲಿ ನಿರ್ದೇಶಿಸಿದ ‘ದಿ ರೆಕ್‌ಲೆಸ್ ಮೊಮೆಂಟ್’ ಇದನ್ನು ಮಾಡಿದ ಬಗೆ ನೋಡಿ. ಮಗಳು ನಂಬಿದ್ದ ಕೆಟ್ಟ ಗಂಡಸೊಬ್ಬನ ಹೆಣ ಮನೆ ಹತ್ತಿರದ ದಡದಲ್ಲಿ ತಾಯಿಯ ಕಣ್ಣಿಗೆ ಬೀಳುತ್ತದೆ. ಮಗಳ ಮೇಲೆ ಕೊಲೆಯ ಆರೋಪ ಬರುತ್ತದೆಂದು ಹೆದರಿ ಆಕೆ ಅದನ್ನು ದೋಣಿಯಲ್ಲಿ ಸಾಗಿಸಿ ನೀರಿಗೆ ಹಾಕುತ್ತಾಳೆ. ಮಗಳು ಸತ್ತವನಿಗೆ ಬರೆದಿದ್ದ ಪತ್ರಗಳನ್ನು ಹಿಡಿದು ಬೆದರಿಸಲು ಬಂದವನು 5,000 ಡಾಲರ್ ಕೇಳುತ್ತಾನೆ. ಗಂಡ ದೂರದ ಯುರೋಪಿನಲ್ಲಿ. ಅವನ ಸಹಿಯಿಲ್ಲದೆ ಸಾಲ ಹುಟ್ಟುವುದಿಲ್ಲ. ಒಡವೆ ಅಡವಿಟ್ಟರೂ ಸಾಲದು. ಮನೆ ತುಂಬ ಜನ, ಗುಟ್ಟಾಗಿ ಫೋನ್ ಮಾಡಲೂ ಜಾಗವಿಲ್ಲ. ಯಾವುದನ್ನೂ ಭಾಷಣದಲ್ಲಿ ಹೇಳುವುದಿಲ್ಲ. ಆಕೆ ಬಾಗಿಲಿಂದ ಬಾಗಿಲಿಗೆ ಅಲೆಯುವುದನ್ನು ನಾವೇ ನೋಡುತ್ತೇವೆ. ಅದಕ್ಕೇ ಪೊಲೀಸರಿಗೆ ಹೇಳಬಾರದಾ ಎಂಬ ಪ್ರಶ್ನೆ ನಮಗೆ ಹೊಳೆಯುವುದೇ ಇಲ್ಲ.

ನೋಡುಗರು ತಾಯಿಯ ಸುಳ್ಳನ್ನು ಕ್ಷಮಿಸುತ್ತಾರೆ, ಸಾಕ್ಷ್ಯ ಮುಚ್ಚಿಟ್ಟದ್ದನ್ನೂ ಕ್ಷಮಿಸುತ್ತಾರೆ. ದಡ್ಡತನವನ್ನು ಮಾತ್ರ ಕ್ಷಮಿಸುವುದಿಲ್ಲ. ಬೆದರಿಕೆ ಬಂದ ರಾತ್ರಿಯೇ ಮಗುವನ್ನು ಒಂಟಿಯಾಗಿ ಬಿಟ್ಟು ಹೋಗುವುದು, ಸುಳಿವಿರುವ ಫೋನನ್ನು ಮೇಜಿನ ಮೇಲೆ ಮರೆಯುವುದು: ಇವು ಕಥೆಯನ್ನು ಮುಂದೆ ತಳ್ಳಲು ಬರಹಗಾರರು ಮಾಡಿಸಿದ ಕೆಲಸ ಎಂದು ಗೊತ್ತಾಗಿಬಿಡುತ್ತದೆ. ಮಗುವಿನದೂ ಇದೇ ಕಥೆ. ಬೇಡವೆಂದರೂ ಬಾಗಿಲು ತೆಗೆಯುವ ಮಗು ಬರೀ ಕಿರಿಕಿರಿ. ಅದೇ ಮಗು ಪರಿಚಿತ ದನಿ ಕೇಳಿ ನಂಬಿ ತೆಗೆದರೆ ಎದೆ ಧಸಕ್ಕೆನ್ನುತ್ತದೆ, ಯಾಕೆಂದರೆ ಆ ದನಿ ಯಾರದೆಂದು ನಮಗೆ ಮೊದಲೇ ಗೊತ್ತಿರುತ್ತದೆ. ಅಪಾಯ ನಮಗೆ ಗೊತ್ತಿದ್ದು ತಾಯಿಗೆ ಗೊತ್ತಿಲ್ಲದ ಹೊತ್ತಿನಲ್ಲೇ ಜನ ಸೀಟಿನ ತುದಿಗೆ ಬರುವುದು, ಪರದೆಯತ್ತ “ಹಿಂದೆ ನೋಡು!” ಎಂದು ಕೂಗುವುದು. ಇಬ್ಬರಿಗೂ ಒಟ್ಟಿಗೇ ಗೊತ್ತಾದರೆ ಒಂದು ಕ್ಷಣ ಬೆಚ್ಚುತ್ತಾರೆ, ಅಷ್ಟೆ.

ಇನ್ನು ಅಳು. ತಾಯಿ ಗೋಳಾಡುವಾಗ ನೋಡುಗರು ಅಳುವುದು ಕಡಿಮೆ. ಆಕೆ ಅಳು ನುಂಗಿಕೊಂಡು ಮಗುವಿನ ಶೂ ಲೇಸ್ ಕಟ್ಟುತ್ತಾಳೆ, ಗಂಟು ಎರಡು ಸಲ ಜಾರುತ್ತದೆ, ಮಗು “ಅಮ್ಮಾ, ಬಿಗಿಯಾಯ್ತು” ಅನ್ನುತ್ತದೆ. ಕಣ್ಣು ತುಂಬುವುದು ಇಲ್ಲಿ. ಇಂಥ ಕಡೆ ಹೆಚ್ಚು ಸಲ ದೃಶ್ಯ ಕೆಡಿಸುವುದು ಹಿನ್ನೆಲೆ ಸಂಗೀತ. ಪಿಟೀಲು ಮಗುವಿನ ಮಾತಿಗಿಂತ ಮೊದಲೇ ಶುರುವಾದರೆ “ಈಗ ಅಳಿ” ಎಂದು ಅಪ್ಪಣೆ ಕೊಟ್ಟ ಹಾಗಾಗುತ್ತದೆ, ಜನ ಒಳಗೇ ಬಿಗಿದುಕೊಳ್ಳುತ್ತಾರೆ. ಮಾತು ಮುಗಿದು ತಾಯಿ ತಲೆ ಎತ್ತುವವರೆಗೆ ಸದ್ದಿಲ್ಲದೆ ಬಿಡುವುದೇ ಸರಿ. ಧಾರಾವಾಹಿಗಳಲ್ಲಿ ಪ್ರತಿ ಮುಖಕ್ಕೂ ಮೂರು ಸಲ ಝೂಮ್ ಹೊಡೆದಾಗ ಬರುವ ನಗುವಿಗೂ ಇದೇ ಕಾರಣ ಅನಿಸುತ್ತದೆ.

ಕ್ಲೈಮ್ಯಾಕ್ಸಿನ ಬಗ್ಗೆ ದೂರು ಸಾಮಾನ್ಯವಾಗಿ ಒಂದೇ: ಅಷ್ಟು ಹೊತ್ತು ತಾಯಿ ಹೋರಾಡಿ, ಕೊನೆಗೆ ಯಾರೋ ಬಂದು ಕಾಪಾಡಿಬಿಟ್ಟರು, ಇಲ್ಲವೇ ಖಳನೇ ಕಾಲುಜಾರಿ ಬಿದ್ದ. ಮೋಸಹೋದೆವು ಅನಿಸುವುದು ಸಹಜ. ಗೆಲ್ಲಲಿ, ಸೋಲಲಿ, ಕೊನೆಯ ನಿರ್ಧಾರ ತಾಯಿಯದೇ ಆಗಿರಬೇಕು, ಅದಕ್ಕೆ ಆಕೆ ಬೆಲೆ ತೆತ್ತದ್ದೂ ಕಾಣಬೇಕು. ಜೊತೆಗೆ, ಅಮ್ಮ ತನಗಾಗಿ ಏನು ಮಾಡಿದಳೆಂಬುದು ಮಗುವಿಗೆ ಗೊತ್ತಾಯಿತೇ ಇಲ್ಲವೇ ಎಂದು ಚಿತ್ರ ತೀರ್ಮಾನಿಸಿರಬೇಕು. ಅದನ್ನು ತೇಲಿಸಿ ಬಿಟ್ಟ ಚಿತ್ರಗಳ ಬಗ್ಗೆಯೇ ಜನ “ಎಲ್ಲಾ ಚೆನ್ನಾಗಿತ್ತು, ಏನೋ ಕಮ್ಮಿ ಆಯ್ತು” ಎನ್ನುವುದು.