ದೂರದಿಂದ ನೋಡಿದರೆ ಸಾಲದೆ, ಕಡಲಹಕ್ಕಿಯನ್ನು ಹಿಡಿಯಲೇಬೇಕೆ?

ಕಡಲಹಕ್ಕಿಗಳ ಆರೋಗ್ಯ ತಪಾಸಣೆಯ ಮಾತು ಬಂದಾಗಲೆಲ್ಲ ಈ ಪ್ರಶ್ನೆ ಏಳುತ್ತದೆ: ಪಾಪದ ಹಕ್ಕಿಯನ್ನು ಹಿಡಿದು ಸೂಜಿ ಚುಚ್ಚುವುದೇಕೆ, ದುರ್ಬೀನಿನಲ್ಲಿ ನೋಡಿದರೆ ತಿಳಿಯುವುದಿಲ್ಲವೆ? ತಿಳಿಯುತ್ತದೆ, ಅರ್ಧ ಮಾತ್ರ.

ಸ್ಕಾಟ್ಲೆಂಡಿನ ಬಾಸ್ ರಾಕ್ ದ್ವೀಪವನ್ನೇ ನೋಡಿ. 2014ರಲ್ಲಿ ಅಲ್ಲಿ ಗ್ಯಾನೆಟ್ ಎಂಬ ದೊಡ್ಡ ಬಿಳಿ ಕಡಲಹಕ್ಕಿಯ 75,000ಕ್ಕೂ ಹೆಚ್ಚು ಗೂಡುಗಳಿದ್ದವು. 2022ರ ಬೇಸಿಗೆಯಲ್ಲಿ ಹಕ್ಕಿಜ್ವರ ಬಡಿಯಿತು. ಮರುವರ್ಷದ ಎಣಿಕೆಗೆ ಸಿಕ್ಕದ್ದು ಸುಮಾರು 52,000. ಬದುಕುಳಿದ ಕೆಲವು ಹಕ್ಕಿಗಳ ಕಣ್ಣಲ್ಲಿ, ಪಾಪೆಯ ಸುತ್ತ ಇರಬೇಕಾದ ತಿಳಿನೀಲಿ ಬಳೆ ಕಪ್ಪಾಗಿತ್ತು. ಅಷ್ಟನ್ನು ದೂರದಿಂದಲೂ ಕಾಣಬಹುದು. ಆದರೆ ಆ ಕಪ್ಪಿಗೆ ಅರ್ಥ ಸಿಕ್ಕಿದ್ದು ರಕ್ತದಿಂದ. ಆರೋಗ್ಯವಾಗಿಯೇ ಕಂಡ 18 ಹಕ್ಕಿಗಳನ್ನು ಪರೀಕ್ಷಿಸಿದಾಗ 8ರಲ್ಲಿ ಹಕ್ಕಿಜ್ವರದ ವೈರಸ್ಸಿನ ವಿರುದ್ಧ ದೇಹ ತಯಾರಿಸುವ ಪ್ರತಿಕಾಯ ಸಿಕ್ಕಿತು, ಎಂದರೆ ಅವಕ್ಕೆ ಸೋಂಕು ತಗುಲಿತ್ತು. ಅವುಗಳಲ್ಲಿ 7 ಕಪ್ಪು ಕಣ್ಣಿನವು. ಎಂಟನೆಯದನ್ನು ಯಾವ ದುರ್ಬೀನೂ ಹಿಡಿಯುತ್ತಿರಲಿಲ್ಲ.

ಹಿಡಿಯುವುದೇ ಆದರೆ ನೆಟ್ಟಗೆ ಹಿಡಿಯಬೇಕು. ಉದ್ದ ಕೋಲಿನ ತುದಿಯ ಉರುಳಿನಿಂದ ಕತ್ತು ಹಿಡಿದು ಎಳೆದ ತಕ್ಷಣ ರೆಕ್ಕೆಗಳನ್ನು ಮೈಗೆ ಒತ್ತಿ ಮಡಿಸಬೇಕು. ಕೊಕ್ಕು ನೇರ ಕಣ್ಣಿಗೇ ಬರುತ್ತದೆ, ಕನ್ನಡಕ ಬೇಕೇ ಬೇಕು. ಹಾಗೆಂದು ಕೊಕ್ಕನ್ನು ಬಿಗಿಯಾಗಿ ಕಟ್ಟಿದರೆ ಹಕ್ಕಿ ಸತ್ತೇ ಹೋಗಬಹುದು: ಗ್ಯಾನೆಟ್‌ಗೆ ಹೊರಗೆ ಮೂಗಿನ ಹೊಳ್ಳೆಗಳಿಲ್ಲ, ಉಸಿರಾಟವೆಲ್ಲ ಬಾಯಿಯ ಅಂಚಿನಿಂದ. ಗೂಡಿನಲ್ಲಿರುವುದು ಒಂದೇ ಮೊಟ್ಟೆ. ಅದನ್ನು ಮುಚ್ಚದೆ ಬಿಟ್ಟರೆ ಸೀಗಲ್ ಪಾಲು.

ರಕ್ತ ತೆಗೆಯುವುದು ರೆಕ್ಕೆಯ ಇಲ್ಲವೆ ಕಾಲಿನ ಅಭಿಧಮನಿಯಿಂದ. ದೇಹತೂಕದ ಶೇ. 1 ದಾಟಬಾರದು ಎನ್ನುವುದು ನಿಯಮ. 3 ಕಿಲೋ ಹಕ್ಕಿಗೆ ಅದು 30 ಮಿ.ಲೀ. ಆಗುತ್ತದೆ, ಆದರೆ ಒಂದೆರಡು ಮಿ.ಲೀ. ಸಾಕು. ಒತ್ತಡದ ಹಾರ್ಮೋನನ್ನು ಅಳೆಯುವುದಿದ್ದರೆ ಹಿಡಿದ 3 ನಿಮಿಷದೊಳಗೆ ಮುಗಿಸಬೇಕು. ತಡವಾದರೆ ನಾವು ಅಳೆಯುವುದು ಹಿಡಿದದ್ದರ ಗಾಬರಿಯನ್ನೇ. ಸಪೂರ ಸೂಜಿಯಲ್ಲಿ ಜೋರಾಗಿ ಎಳೆದರೆ, ಟ್ಯೂಬ್ ಕುಲುಕಿದರೆ ರಕ್ತಕಣ ಒಡೆದು ಸೀರಮ್ (ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ತಿಳಿದ್ರವ) ಕೆಂಪಾಗುತ್ತದೆ, ಮಾದರಿ ಹಾಳು.

ತೂಕವನ್ನಷ್ಟೇ ನಂಬುವಂತಿಲ್ಲ. ಹೊಟ್ಟೆಯಲ್ಲಿ ಮೀನಿದ್ದರೆ ಜಾಸ್ತಿ, ಗಾಬರಿಗೆ ಅದನ್ನು ಕಕ್ಕಿದರೆ ಕಡಿಮೆ. ಜೊತೆಗೆ ರೆಕ್ಕೆಯ ಉದ್ದವನ್ನೂ ಅಳೆದು ತಾಳೆ ನೋಡಬೇಕು.

ಕೆಲಸ ಮುಗಿದ ಮೇಲೆ ಸೋಂಕು ನಮ್ಮ ಜೊತೆ ಬರದಂತೆ, ಬೂಟಿನ ಹಿಕ್ಕೆಯನ್ನು ಮೊದಲು ಉಜ್ಜಿ ತೊಳೆದು, ಆಮೇಲೆ ಸೋಂಕುನಿವಾರಕಕ್ಕೆ ಅದ್ದಬೇಕು; ಹಿಕ್ಕೆಯ ಮೇಲೆ ಔಷಧ ನಾಟುವುದಿಲ್ಲ.

ಮಳೆಗಾಲದ ಬಿರುಗಾಳಿಗೆ ನಮ್ಮ ಕರಾವಳಿಯಲ್ಲೂ ಗ್ಯಾನೆಟ್‌ನ ನೆಂಟರಾದ ಬೂಬಿ ಹಕ್ಕಿಗಳು ಸುಸ್ತಾಗಿ ಬಂದು ಬೀಳುವುದುಂಟು. ಅವಕ್ಕೂ ಹೊಳ್ಳೆಗಳು ಮುಚ್ಚಿವೆ. ದಯವಿಟ್ಟು ಕೊಕ್ಕಿಗೆ ದಾರ ಕಟ್ಟಬೇಡಿ, ಬರಿಗೈಯಲ್ಲಿ ಮುಟ್ಟಬೇಡಿ. ನಾಯಿಗಳನ್ನು ದೂರವಿಟ್ಟು ಅರಣ್ಯ ಇಲಾಖೆಗೆ ತಿಳಿಸಿ.